ಎಲ್ಲರಿಗೂ ಬಂತಾ?

ರಾಮಕೃಷ್ಣನಗರದ ಆ ಮನೆಯ ಮಹಡಿ ಕೋಣೆಯಲ್ಲಿ ಗೋಡೆಯುದ್ದಕ್ಕೂ ಒಂದು ಕಬ್ಬಿಣದ ರ‍್ಯಾಕ್ ಇತ್ತು. ಏಕಾಂತಯ್ಯನವರು ಅಗ್ರಹಾರದಲ್ಲಿ ಗ್ರಂಧಿಗೆ ಅಂಗಡಿ ಇಟ್ಟಿದ್ದಾಗ ಊದುಬತ್ತಿ, ವಿಭೂತಿ ಗಟ್ಟಿ, ಅಳಲೆಕಾಯಿ ಡಬ್ಬಗಳನ್ನು ಹೊತ್ತು ನಿಂತಿದ್ದ ರ‍್ಯಾಕ್ ಅದು. ಅಂಗಡಿ ಮುಚ್ಚಿದ ಮೇಲೆ ಅವರ ಮಗಳು ಅಕ್ಷತಾ ಅದನ್ನು ಮಹಡಿಗೆ ಸಾಗಿಸಿ, ಡಬ್ಬಗಳಿದ್ದ ಜಾಗದಲ್ಲಿ ಹಳೆಯ ಕಂಪ್ಯೂಟರುಗಳನ್ನು ಕೂರಿಸಿದಳು. ಯಾವುದೋ ಕಚೇರಿಯವರು ಹರಾಜಿಗೆ ಹಾಕಿದ್ದು, ಪರದೆ ಒಡೆದ ಲ್ಯಾಪ್‌ಟಾಪು, ಅಂಗೈಯಗಲದ ಬೋರ್ಡುಗಳು, ಆನ್ ಮಾಡಿದರೆ ಕೆಮ್ಮುವ ಒಂದು ಪೆಟ್ಟಿಗೆ. ಬಂದವರೆಲ್ಲ ಅದನ್ನು ಗುಜರಿ ಎನ್ನುತ್ತಿದ್ದರು. ತಾಯಿ ಶಾಂತಾದೇವಿಯವರೂ ಹಾಗೇ ಎನ್ನುತ್ತಿದ್ದರು, ಆದರೆ ಮಗಳಿಗೆ ಕೇಳಿಸದ ಹಾಗೆ.

ಅಕ್ಷತಾಳಿಗೆ ನಲವತ್ತು ದಾಟಿತ್ತು. ಮದುವೆಯ ಮಾತುಗಳು ಬರುವಷ್ಟು ಬಂದು, ಕಾಫಿ ತಿಂಡಿ ಮುಗಿಸಿ, ಹೋಗುವಷ್ಟು ಹೋಗಿದ್ದವು. ಹೊಟ್ಟೆಪಾಡಿಗೆ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿ. ಅಲ್ಲಿ ಪಂಪ್‌ಸೆಟ್ಟುಗಳಿಗೆ ಬೋರ್ಡು ಮಾಡುತ್ತಿದ್ದರು. ಆದರೆ ಅವಳ ಜೀವ ಇದ್ದದ್ದು ಮಹಡಿಯ ಮೇಲೆ, ‘ಉಲಿ’ಯಲ್ಲಿ.

ಉಲಿ ಅಂದರೆ ಕನ್ನಡದ ಬರಹವನ್ನು ಓದಿ ಹೇಳುವ ಒಂದು ಲೈಬ್ರರಿ. ಲೈಬ್ರರಿ ಎಂದರೆ ಪುಸ್ತಕದ್ದಲ್ಲ. ಮಸಾಲೆ ಡಬ್ಬಿ ಇದ್ದ ಹಾಗೆ. ಅಡುಗೆ ಯಾರದಾದರೂ ಇರಲಿ, ಬೇಕಾದವರು ಇದರಿಂದ ತೆಗೆದುಕೊಂಡು ಹಾಕಿಕೊಳ್ಳಬಹುದಾದ ಕೋಡು. ಯಾರ ಪ್ರೋಗ್ರಾಮಾದರೂ ಉಲಿಯ ಕೈಗೆ ಒಂದು ಸಾಲು ಕನ್ನಡ ಕೊಟ್ಟರೆ ಅದು ಬಾಯಿಬಿಟ್ಟು ಓದುತ್ತಿತ್ತು. ಓದುತ್ತಿದ್ದ ದನಿಯೂ ಅಕ್ಷತಾಳದೇ. ಇಪ್ಪತ್ತಾರರ ವಯಸ್ಸಿನಲ್ಲಿ, ಅಗ್ರಹಾರದ ಹಳೆಯ ಮನೆಯಲ್ಲಿ, ಬೀದಿಯ ಸದ್ದು ಒಳಗೆ ಬಾರದಿರಲೆಂದು ತಲೆಯ ಮೇಲೆ ಕಂಬಳಿ ಹೊದ್ದು ಕೂತು, ಬೆವರು ಸುರಿಸುತ್ತ, ಕನ್ನಡದ ಉಚ್ಚಾರಗಳನ್ನೆಲ್ಲ ಒಂದೊಂದಾಗಿ ಹೇಳಿ ಅವಳು ರೆಕಾರ್ಡ್ ಮಾಡಿದ್ದಳು. ಪಕ್ಕದಲ್ಲಿ ಕೂತು ಗುಂಡಿ ಒತ್ತಿದವನು ಮಹೇಂದ್ರ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಹಪಾಠಿ, ಆಮೇಲೆ ಉಲಿಯಲ್ಲಿ ಅರ್ಧ ಪಾಲಿನ ಹೆಗಲು.

ಉಲಿಯನ್ನು ಬರೆದದ್ದು ಸಿ ಭಾಷೆಯಲ್ಲಿ. ಸಿಯಲ್ಲಿ ಬರೆದದ್ದು ಯಾವ ಯಂತ್ರದಲ್ಲಾದರೂ ನಡೆಯುತ್ತದೆಂದು ಒಂದು ಪ್ರತೀತಿ ಇದೆ. ನಡೆಯುವ ಹಾಗೆ ಬರೆದರೆ ನಡೆಯುತ್ತದೆ, ಇಲ್ಲದಿದ್ದರೆ ದೇವರೇ ಗತಿ. ಒಂದೊಂದು ಯಂತ್ರಕ್ಕೆ ಒಂದೊಂದು ಮಡಿ. ಕನ್ನಡದ ಯಾವ ಅಕ್ಷರವನ್ನೇ ತೆಗೆದುಕೊಳ್ಳಿ, ಅದರ ಮೊದಲ ತುಣುಕನ್ನು ಒಂದು ಯಂತ್ರ ಇನ್ನೂರ ಇಪ್ಪತ್ತನಾಲ್ಕು ಎಂದು ಲೆಕ್ಕ ಹಿಡಿದರೆ, ಇನ್ನೊಂದು ಅದನ್ನೇ ಸೊನ್ನೆಗಿಂತ ಕೆಳಗೆ, ಮೈನಸ್ ಮೂವತ್ತೆರಡು ಎನ್ನುತ್ತದೆ. ಎರಡೂ ಸುಳ್ಳಲ್ಲ. ಒಂದು ಯಂತ್ರ ನೂರ ಇಪ್ಪತ್ತಮೂರು ಎಂದು ಬರೆದಿಟ್ಟದ್ದನ್ನು ಇನ್ನೊಂದು ಹಿಂದುಮುಂದಾಗಿ ಮುನ್ನೂರ ಇಪ್ಪತ್ತೊಂದು ಎಂದು ಓದುತ್ತದೆ. ಅದೂ ತನ್ನ ಮಟ್ಟಿಗೆ ಸರಿಯೇ. ಹೀಗೆ ಪ್ರತಿ ಯಂತ್ರದ ಹಟವನ್ನೂ ತಿಳಿದು, ‘ನೀನು ಇಂಥವನಾದರೆ ಹೀಗೆ ಓದು, ಅಂಥವನಾದರೆ ಹಾಗೆ ಓದು’ ಎಂದು ಕೋಡಿನಲ್ಲಿ ತಾಳ್ಮೆಯಿಂದ ಹೇಳುತ್ತ ಹೋಗಬೇಕು. ಅಕ್ಷತಾ ಹೇಳುತ್ತ ಹೋಗಿದ್ದಳು. ಸಾವಿರಾರು ಸಾಲು. ಮಹೇಂದ್ರ ಅದಕ್ಕೆ ‘ನಿನ್ನ ಉಪಚಾರದ ಸಾಲುಗಳು’ ಎಂದು ಹೆಸರಿಟ್ಟಿದ್ದ.

ಈ ಉಪಚಾರ ಅವಳಿಗೆ ಬಂದದ್ದು ಅಪ್ಪನಿಂದ. ಏಕಾಂತಯ್ಯನವರು ಸೋಮವಾರ ಅಂಗಡಿ ಮುಚ್ಚಿ ಮಠದ ದಾಸೋಹಕ್ಕೆ ಬಡಿಸಲು ಹೋಗುತ್ತಿದ್ದರು. ಪಂಕ್ತಿಯ ಕೊನೆಯ ಎಲೆಗೆ ಅನ್ನ, ಸಾರು ಬೀಳುವವರೆಗೆ ಮೊದಲ ಎಲೆಯವರು ತುತ್ತು ಎತ್ತುವಂತಿರಲಿಲ್ಲ. ಅವರು ಬಕೆಟ್ಟು ಹಿಡಿದು ಸಾಲಿನ ತುದಿಯಲ್ಲಿ ನಿಂತು, “ಎಲ್ಲರಿಗೂ ಬಂತಾ?” ಎಂದು ಕೂಗುತ್ತಿದ್ದರು. ಆ ತುದಿಯಿಂದ “ಬಂತು” ಎಂದು ಬಂದ ಮೇಲೆಯೇ ಊಟ. ಪುಟ್ಟ ಅಕ್ಷತಾ ಕಂಬಕ್ಕೆ ಒರಗಿ ಇದನ್ನು ಎಷ್ಟು ಸೋಮವಾರ ನೋಡಿದ್ದಳೋ. ಉಲಿಯ ಹೊಸ ಆವೃತ್ತಿ ಹೊರಡಿಸುವ ಮೊದಲು ರ‍್ಯಾಕಿನ ಎಲ್ಲ ಯಂತ್ರಗಳ ಮೇಲೂ ಅದನ್ನು ಓಡಿಸಿ ನೋಡುವ ಪದ್ಧತಿಗೆ ಅವಳೂ ಮಹೇಂದ್ರನೂ ಇಟ್ಟುಕೊಂಡಿದ್ದ ಹೆಸರು ‘ಪಂಕ್ತಿ’. ಅತಿ ನಿಧಾನದ, ಅತಿ ಹಳೆಯ ಯಂತ್ರ ಸರಿಯಾಗಿ ಓದುವವರೆಗೆ ಆವೃತ್ತಿ ಹೊರಡುವ ಹಾಗಿಲ್ಲ. ಆಮೇಲೂ ಇಬ್ಬರ ಸಹಿ ಬೀಳಬೇಕು. ಸಹಿ ಎಂದರೆ ಕಂಪ್ಯೂಟರಿನಲ್ಲಿ ಹಾಕುವ ಸಹಿ. ಅವರವರ ಲ್ಯಾಪ್‌ಟಾಪಿನಲ್ಲಿ ಅವರವರ ಕೀಲಿ, ಆ ಕೀಲಿ ತೆರೆಯಲು ಅವರವರ ಗುಟ್ಟಿನ ವಾಕ್ಯ.

ಪಂಕ್ತಿಯ ಕೊನೆಯ ಎಲೆ ಎಂದರೆ ಆ ಕೆಮ್ಮುವ ಪೆಟ್ಟಿಗೆ. ಅದರ ಅವಳಿ ನಜರ್‌ಬಾದಿನಲ್ಲಿ ಇಂದ್ರಮ್ಮನವರ ಮಡಿಲಲ್ಲಿತ್ತು.

ಇಂದ್ರಮ್ಮ ಮಿಡ್ಲ್‌ಸ್ಕೂಲಿನಲ್ಲಿ ಟೀಚರಾಗಿದ್ದವರು. ಅವರ ದನಿಗೆ ಮೂರು ಕ್ಲಾಸು ಆಚೆಯ ಹುಡುಗರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರಂತೆ. ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಆ ದನಿ ಪೂರ್ತಿ ಹೋಯಿತು. ಒಂದಷ್ಟು ಕಾಲ ಸ್ಲೇಟು ಬಳಪ ಹಿಡಿದು ಬದುಕಿದರು. ಆಗ ಅಕ್ಷತಾ ಮತ್ತು ಮಹೇಂದ್ರ ಸೇರಿ, ಅಗ್ಗಕ್ಕೆ ಸಿಕ್ಕ ಹಳೆಯ ಚಿಪ್ ಹಾಕಿ, ಟೈಪ್ ಮಾಡಿದ್ದನ್ನು ಮಾತಾಡುವ ಒಂದಷ್ಟು ಪೆಟ್ಟಿಗೆಗಳನ್ನು ಮಾಡಿದ್ದರು. ಉಳಿದ ಪೆಟ್ಟಿಗೆಗಳು ಕಾಲಕ್ರಮದಲ್ಲಿ ಕೆಟ್ಟು ಮೂಲೆ ಸೇರಿದವು. ಇಂದ್ರಮ್ಮನವರದು ಮಾತ್ರ ಗಟ್ಟಿ ಜೀವ. ಅದಕ್ಕೊಂದು ಕೆಟ್ಟ ಜಾಯಮಾನ ಇತ್ತು: ಮೊದಲ ಸಲ ಸರಿಯಾಗಿ ಹೇಳಿ, ಎರಡನೇ ಸಲ ಅದೇ ಮಾತಿಗೆ ಎಡವುತ್ತಿತ್ತು. ಹಾಗಾಗಿ ಏನು ರಿಪೇರಿ ಮಾಡಿದರೂ ಅಕ್ಷತಾ ಒಂದೇ ಮಾತನ್ನು ಎರಡು ಸಲ ಹೇಳಿಸದೆ ಆ ಮನೆಯಿಂದ ಏಳುತ್ತಿರಲಿಲ್ಲ.

“ನಿನ್ನ ದನೀನ ಬಾಡಿಗೆಗೆ ತಗೊಂಡಿದ್ದೀನಿ ಕಣಮ್ಮ,” ಎಂದು ಇಂದ್ರಮ್ಮ ಪೆಟ್ಟಿಗೆಯಲ್ಲಿ ಹೇಳುತ್ತಿದ್ದರು. “ಸೊಪ್ಪಿನವಳ ಹತ್ರ ಚೌಕಾಸಿ ಮಾಡೋಕೆ ಸ್ವಲ್ಪ ಮೆತ್ತಗಾಯ್ತು.”

ಆ ಪೆಟ್ಟಿಗೆ ಪ್ರತಿ ಭಾನುವಾರ ಮನೆಯ ವೈಫೈ ಹಿಡಿದು, ಉಲಿಯ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡುತ್ತಿತ್ತು. ಇಬ್ಬರ ಸಹಿ ಇದ್ದರೆ ಮುಗಿಯಿತು, ಕಣ್ಣುಮುಚ್ಚಿ ಒಳಗೆ ಹಾಕಿಕೊಳ್ಳುತ್ತಿತ್ತು. ಹಾಗೆ ನಂಬು ಎಂದು ಅದಕ್ಕೆ ಕಲಿಸಿದವಳು ಅಕ್ಷತಾಳೇ.

ಆ ವರ್ಷ ಒಂದು ದೊಡ್ಡ ಕಂಪನಿ ಉಲಿಯ ಬಾಗಿಲಿಗೆ ಬಂತು. ಅವರ ಫೋನುಗಳಲ್ಲೆಲ್ಲ ಕನ್ನಡ ಮಾತಾಡಿಸಬೇಕಂತೆ. ಮಹೇಂದ್ರನಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಕಂಪನಿಯವರು ಹೇಳಿದ್ದು ಇಷ್ಟೇ: ಹಳೆಯ ಯಂತ್ರಗಳ ಉಪಚಾರದ ಸಾಲುಗಳನ್ನೆಲ್ಲ ಕಿತ್ತು ಹಾಕಿ, ಕೋಡು ಹಗುರ ಮಾಡಿ, ಆಮೇಲೆ ಉಲಿಯ ಉಸ್ತುವಾರಿಗೆ ಮಹೇಂದ್ರನನ್ನೇ ಕೂರಿಸುತ್ತೇವೆ.

“ಹಳೇ ಯಂತ್ರ ಇಟ್ಕೊಂಡೇ ಫೋನಿಗೂ ಮಾಡೋಣ. ಅವು ಯಾರ ಅನ್ನ ಕಿತ್ಕೊಂಡಿವೆ?” ಎಂದಳು ಅಕ್ಷತಾ.

“ಅವರಿಗೆ ಅದೆಲ್ಲ ಬೇಡ ಕಣೇ.”

“ನಂಗೆ ಬೇಕು ಕಣೋ.”

ಮಹೇಂದ್ರ ನಕ್ಕು, “ನೀನು ಬುಡು, ಅಪ್ಪಾಜಿ ಮಗಳು,” ಎಂದ. ಅವನು ಏಕಾಂತಯ್ಯನವರನ್ನು ಅಪ್ಪಾಜಿ ಎಂದೇ ಕರೆಯುತ್ತಿದ್ದದ್ದು. ಅಕ್ಷತಾ ಅದನ್ನು ಒಪ್ಪಿಗೆಯೆಂದು ತಿಳಿದಳು. ಹದಿನೈದು ವರ್ಷಕ್ಕೂ ಮೇಲೆ ಜೊತೆಗೆ ದುಡಿದವನ ನಗುವನ್ನು ಒಪ್ಪಿಗೆ ಎಂದಲ್ಲದೆ ಇನ್ನೇನೆಂದು ತಿಳಿಯಬೇಕಿತ್ತು?

ಅದಾದ ಸ್ವಲ್ಪ ದಿನಕ್ಕೆ ಏಕಾಂತಯ್ಯನವರು ಲಿಂಗೈಕ್ಯರಾದರು. ಬೆಳಿಗ್ಗೆ ಪೂಜೆ ಮುಗಿಸಿ ಇಷ್ಟಲಿಂಗವನ್ನು ಕರಡಿಗೆಗೆ ಸೇರಿಸುವಾಗ ಕೈ ಹಾಗೇ ನಿಂತಿತು. ನಂಟರು ಬಂದರು, ಚಾಮರಾಜನಗರದ ಕಡೆಯವರು ಎರಡು ವ್ಯಾನು ತುಂಬಿಕೊಂಡು ಬಂದರು. ಮನೆಯಲ್ಲಿ ಮಲಗಲು ಜಾಗವಿಲ್ಲದೆ ಮಹಡಿ ಕೋಣೆ ಖಾಲಿ ಮಾಡಬೇಕಾಯಿತು. ಮಹೇಂದ್ರ ತಾನಾಗಿಯೇ ಕಾರು ತಂದ. ರ‍್ಯಾಕಿನ ಯಂತ್ರಗಳನ್ನೆಲ್ಲ ಹಳೆಯ ಬೆಡ್‌ಶೀಟುಗಳಲ್ಲಿ ಸುತ್ತಿ, ಕೂಸನ್ನು ಎತ್ತುವ ಹಾಗೆ ಎತ್ತಿ, ಕುವೆಂಪುನಗರದ ತನ್ನ ಮನೆಗೆ ಸಾಗಿಸಿದ. ಅಕ್ಷತಾಳ ಲ್ಯಾಪ್‌ಟಾಪೂ ಅದರ ಜೊತೆಗೇ ಹೋಯಿತು. ಶಾಂತಾದೇವಿಯವರು ಅತ್ತು ಕೆಂಪಾದ ಕಣ್ಣಲ್ಲಿ, “ಹೆತ್ತ ಮಗ ಇದ್ರೂ ಇಷ್ಟು ಮಾಡ್ತಿರ್ಲಿಲ್ಲಪ್ಪ,” ಎಂದರು.

ಅಪ್ಪನ ಶಿವಗಣಾರಾಧನೆಗೆ ಮನೆ ಮುಂದೆ ಶಾಮಿಯಾನ ಹಾಕುತ್ತಿದ್ದ ಹೊತ್ತಿನಲ್ಲಿ ಇಂದ್ರಮ್ಮನವರ ಸೊಸೆ ಸೌಮ್ಯ ಫೋನು ಮಾಡಿದಳು. ಇಂಥ ಸಮಯದಲ್ಲಿ ಕೇಳಬಾರದು ಎಂದು ಹತ್ತು ಸಲ ಹೇಳಿ ಕಡೆಗೆ ಕೇಳಿದಳು. ಅವಳಿಗೆ ಮಗಳು ಹುಟ್ಟಿದ್ದಳು. ಮುಂದಿನ ವಾರ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರನ್ನು ತಾವೇ ಮೂರು ಸಲ ಹೇಳಬೇಕೆಂದು ಅತ್ತೆಯ ಹಂಬಲ. ಹೆಸರು ಲಾಸ್ಯ. ಪೆಟ್ಟಿಗೆ ಆ ಒಂದು ಹೆಸರಿನ ನಡುವೆ ಮುಗ್ಗರಿಸುತ್ತಿದೆ.

“ನಮ್ಮತ್ತೆ ದಿನಾ ಪ್ರಾಕ್ಟೀಸ್ ಮಾಡ್ತಾ ಕೂತಿರ್ತಾರೆ ಕಣ್ರೀ. ಅದು ಮುಗ್ಗರಿಸಿದಾಗಲೆಲ್ಲ ಮುಖ ಸಣ್ಣದಾಗೋಗುತ್ತೆ,” ಎಂದಳು ಸೌಮ್ಯ.

ಸಣ್ಣ ದೋಷ. ಎರಡು ಸಾಲಿನ ತಿದ್ದುಪಡಿ. ಅಕ್ಷತಾಳಿಗೆ ಫೋನು ಹಿಡಿದಿದ್ದ ಹಾಗೆಯೇ ಅದು ತಲೆಯಲ್ಲಿ ಹೊಳೆಯಿತು. ಆದರೆ ಲ್ಯಾಪ್‌ಟಾಪು ಮಹೇಂದ್ರನ ಮನೆಯಲ್ಲಿ. ಇಲ್ಲಿ ಅಡುಗೆಯವರು ಅಕ್ಕಿ ಎಷ್ಟು ಎಂದು ಕೇಳುತ್ತಿದ್ದಾರೆ. ಅಲ್ಲೇ ಶಾಮಿಯಾನದ ಗೂಟ ನೋಡಿಕೊಳ್ಳುತ್ತಿದ್ದ ಮಹೇಂದ್ರನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದಳು.

“ನಾನು ಹಾಕ್ತೀನಿ ಬುಡು. ನಿನ್ನ ಸಹಿ?” ಎಂದ ಅವನು.

ಇನ್ನೊಬ್ಬರಿಗೆ ಕೀಲಿ ಕೊಡಬಾರದು ಎಂಬ ನಿಯಮ ಬರೆದವಳು ಅವಳೇ. ಪಂಪ್‌ಸೆಟ್ ಕಂಪನಿಯಲ್ಲಿ ಅದರ ಮೇಲೆ ಒಂದು ಗಂಟೆ ಪಾಠವನ್ನೂ ಮಾಡಿದ್ದಳು. ಆದರೆ ಅಪ್ಪನನ್ನು ಮಣ್ಣಿಗಿಡುವಾಗ ಹೆಗಲು ಕೊಟ್ಟವನ ಎದುರು ನಿಂತು, “ನಿಯಮದ ಪ್ರಕಾರ ನಿಂಗೆ ಹೇಳೋ ಹಾಗಿಲ್ಲ,” ಎನ್ನಲು ಯಾರಿಗೆ ನಾಲಿಗೆ ಬರುತ್ತದೆ? ಅವಳು ತನ್ನ ಗುಟ್ಟಿನ ವಾಕ್ಯವನ್ನು ಹೇಳಿದಳು.

“ಎಲ್ಲರಿಗೂ ಬಂತಾ.”

ಮಹೇಂದ್ರ ಒಂದು ಕ್ಷಣ ಅವಳ ಮುಖ ನೋಡಿ ತಲೆ ಆಡಿಸಿದ. ಅವನ ಕಣ್ಣು ಒದ್ದೆಯಾಗಿತ್ತು ಎಂದು ಅವಳಿಗೆ ಈಗಲೂ ಅನಿಸುತ್ತದೆ. ಅದು ಸುಳ್ಳಲ್ಲದಿದ್ದರೆ ಇನ್ನೂ ಕಷ್ಟ.

ಆರಾಧನೆ ಚೆನ್ನಾಗಿ ನಡೆಯಿತು. ಜಂಗಮರ ಪೂಜೆಯಾದ ಮೇಲೆ ಪಂಕ್ತಿ ಕೂತಿತು. ಅಪ್ಪನ ಜಾಗದಲ್ಲಿ ಅಕ್ಷತಾ ಸೆರಗು ಸಿಕ್ಕಿಸಿ ಪಾಯಸದ ಬಕೆಟ್ಟು ಹಿಡಿದಳು. ಸಾಲಿನ ತುದಿಯಲ್ಲಿ ನಿಂತು “ಎಲ್ಲರಿಗೂ ಬಂತಾ?” ಎಂದು ಕೂಗಿದಳು. ನಡುವೆ ಕೂತಿದ್ದ ಮಹೇಂದ್ರ ತಲೆ ತಗ್ಗಿಸಿಕೊಂಡಿದ್ದ. ದುಃಖ, ಪಾಪ, ಎಂದುಕೊಂಡು ಅವನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದಳು. ಅವನು ಬೇಡವೆನ್ನಲಿಲ್ಲ.

ನಾಮಕರಣದ ಮಧ್ಯಾಹ್ನ ಸೌಮ್ಯಳ ಫೋನು ಬಂತು. ಈ ಸಲ ಅವಳ ಮಾತಿನಲ್ಲಿ ಸಂಕೋಚ ಇರಲಿಲ್ಲ.

“ಹೊಸದು ಹಾಕಿದ್ದೀರಂತಲ್ಲ ಪೆಟ್ಟಿಗೆಗೆ. ನಿನ್ನೆ ಭಾನುವಾರ ರಾತ್ರಿ ತಾನೇ ಹಾಕ್ಕೊಂಡಿದೆ. ಪರದೆ ಮೇಲೆ ನಿಮ್ಮ ಹೆಸರೇ ಬಂತು, ಅದಕ್ಕೇ ಸರಿಹೋಗಿರುತ್ತೆ ಅಂತ ನಂಬಿ ಒತ್ತಿ ನೋಡ್ಲೇ ಇಲ್ಲ.”

“ಏನಾಯ್ತು ಸೌಮ್ಯ?”

“ಏನಾಯ್ತು ಅಂತ ಹೇಳ್ಲಿ? ನಮ್ಮತ್ತೆ ಮಗು ಕಿವಿಗೆ ಪೆಟ್ಟಿಗೆ ಹಿಡಿದು ಗುಂಡಿ ಒತ್ತಿದ್ರು. ತಗಡು ಹರಿದಂಗೆ ಕಿರುಚ್ತು ಅದು. ಮಗು ಬೆಚ್ಚಿಬಿದ್ದು ಅಳೋಕೆ ಶುರು ಮಾಡ್ತು. ಯಾರೋ ನಕ್ಕರು. ಆಮೇಲೆ ನಮ್ಮ ನಾದಿನಿ ಹೆಸರು ಹೇಳಿದ್ರು. ಅತ್ತೆ ಆಗ್ಲಿಂದ ರೂಮಿಂದ ಆಚೆ ಬಂದಿಲ್ಲ.”

ಅಕ್ಷತಾ ಪಕ್ಕದ ಮನೆಯವರ ಕಂಪ್ಯೂಟರಿನ ಮುಂದೆ ಕೂತು ಉಲಿಯ ಹೊಸ ಆವೃತ್ತಿಯನ್ನು ತೆರೆದಳು. ಅವಳು ಹೇಳಿದ ಎರಡು ಸಾಲಿನ ತಿದ್ದುಪಡಿ ಇತ್ತು. ಅದರ ಕೆಳಗೆ, ಒಂದು ಪುಟದ ಮೇಲೆ ಇನ್ನೊಂದು ಪುಟ, ಕೆಂಪು ಬಣ್ಣದಲ್ಲಿ ಕಿತ್ತುಹಾಕಿದ ಸಾಲುಗಳು. ಹಿಂದುಮುಂದಾಗಿ ಓದುವ ಯಂತ್ರಗಳಿಗೆ ಹೇಳುತ್ತಿದ್ದ ಮಾತುಗಳೆಲ್ಲ ಹೋಗಿದ್ದವು. ಈಗ ಆ ಪೆಟ್ಟಿಗೆ ಪ್ರತಿ ಉಚ್ಚಾರದ ಉದ್ದವನ್ನೂ ತಿರುಗುಮುರುಗಾಗಿ ಓದುತ್ತಿತ್ತು; ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅದಕ್ಕೆ ತಿಳಿಯದು. ಕಿರುಚದೆ ಇನ್ನೇನು ಮಾಡೀತು? ಪಂಕ್ತಿಯಲ್ಲಿ ಇದು ಹೇಗೆ ಪಾಸಾಯಿತೆಂದು ನೋಡಿದರೆ, ಮಹೇಂದ್ರ ಹಳೆಯ ಯಂತ್ರಗಳ ಹೆಸರನ್ನು ಪಂಕ್ತಿಯಿಂದಲೇ ತೆಗೆದಿದ್ದ. ಎಲೆಯನ್ನೇ ಎತ್ತಿಬಿಟ್ಟರೆ ಬಡಿಸುವ ತಾಪತ್ರಯ ಇಲ್ಲವಲ್ಲ.

ಕೊನೆಯಲ್ಲಿ ಒಂದು ಸಾಲಿನ ವಿವರಣೆ: ‘ಅನಗತ್ಯ ಹೊರೆ ಇಳಿಸಲಾಗಿದೆ.’ ಅದರ ಕೆಳಗೆ ಎರಡು ಸಹಿ. ಒಂದು ಮಹೇಂದ್ರನದು. ಇನ್ನೊಂದು ಅಕ್ಷತಾಳದು.

ಕುವೆಂಪುನಗರದ ಮನೆಯ ಪೋರ್ಟಿಕೋದಲ್ಲಿ ಮಹೇಂದ್ರ ಕುರ್ಚಿ ಹಾಕಿ ಕೂರಿಸಿದ. ಕಾಫಿ ಬಂತು. ಅವಳು ಮುಟ್ಟಲಿಲ್ಲ.

“ಯಾವಾಗ ಮಾಡ್ದೆ?”

“ಈಗ ಅದನ್ನ ಯಾಕೆ ಕೇಳ್ತೀಯ.”

“ಯಾವಾಗ ಮಾಡ್ದೆ, ಮಹೇಂದ್ರ?”

ಅವನು ಕಾಂಪೌಂಡಿನ ದಾಸವಾಳದ ಕಡೆ ನೋಡಿದ. “ಆರಾಧನೆ ದಿನ ಬೆಳಿಗ್ಗೆ. ಅಲ್ಲಿಗೆ ಬರೋಕೆ ಮುಂಚೆ.”

ಉಂಡ ಮನೆಯ ಜಂತೆ ಎಣಿಸುವವರು ಎಂದು ಗಾದೆಯಿದೆ. ಈ ಮಹಾನುಭಾವ ಎಣಿಸಿ ಮುಗಿಸಿ ಬಂದು ಉಂಡವನು. ಅಕ್ಷತಾಳಿಗೆ ಆ ಇನ್ನೊಂದು ಸೌಟು ಪಾಯಸ ನೆನಪಾಯಿತು. ತನ್ನ ಕೈಯಾರೆ ಬಡಿಸಿದ್ದಳಲ್ಲ. ಪಾಪ ಎಂದುಕೊಂಡು ಬಡಿಸಿದ್ದಳಲ್ಲ.

“ನಿನ್ನ ಕೇಳಿದ್ರೆ ಒಪ್ತಿರ್ಲಿಲ್ಲ,” ಎಂದ ಮಹೇಂದ್ರ.

“ಇಲ್ಲ. ಒಪ್ತಿರ್ಲಿಲ್ಲ.”

“ಮತ್ತೆ? ಅವರು ಕಾಯ್ತಾ ಕೂತಿರ್ತಾರಾ? ಬೇರೆಯವರತ್ರ ಹೋಗ್ಬುಡೋರು. ಎಷ್ಟು ಜನದ ಫೋನಲ್ಲಿ ಕನ್ನಡ ಮಾತಾಡುತ್ತೆ ಯೋಚ್ನೆ ಮಾಡು. ನಿನ್ನ ಕೋಡೇ ಕಣೇ ಅದು. ಕಣ್ಣು ಕಾಣದವರು, ಓದೋಕೆ ಬರದವರು, ಎಲ್ಲರಿಗೂ. ಒಬ್ಬರ ಪೆಟ್ಟಿಗೆಗೋಸ್ಕರ ಅಷ್ಟೂ ಬಿಡ್ಬೇಕಿತ್ತಾ?”

ಮಾತಿನಲ್ಲಿ ತೂಕ ಇತ್ತು, ಇಲ್ಲವೆನ್ನುವ ಹಾಗಿಲ್ಲ. ಈ ಮಾತನ್ನೇ ಅವನು ಅವಳ ಮಹಡಿಯಲ್ಲಿ ಕೂತು, ಎದುರೆದುರು ಆಡಿದ್ದರೆ ಜಗಳವಾಡಬಹುದಿತ್ತು, ಸೋಲಲೂಬಹುದಿತ್ತು. ಸೋಲಿಗೆ ಅವಳು ಹೆದರಿದವಳಲ್ಲ. ಅವನು ಜಗಳವನ್ನೇ ಅವಳಿಗೆ ಕೊಡಲಿಲ್ಲ.

“ಇಂದ್ರಮ್ಮ ಮೇಡಂ ನಾಮಕರಣಕ್ಕೆ ಕಾಯ್ತಿದ್ದದ್ದು ಗೊತ್ತಿತ್ತಲ್ಲ ನಿಂಗೆ. ನಾನೇ ಹೇಳಿದ್ದೆ.”

“ದಿನ ಮರ್ತೋಯ್ತು. ಸತ್ಯವಾಗ್ಲೂ. ಅವ್ರಿಗೊಂದು ಹೊಸ ಫೋನ್ ಕೊಡ್ಸೋಣ ಅಂತಿದ್ದೆ. ಅದ್ರಲ್ಲಿ ಇನ್ನೂ ಒಳ್ಳೇ ದನಿ ಇದೆ.”

ದಿನ ಮರೆತದ್ದು ನಿಜವೇ ಇರಬಹುದು. ಆದರೆ ‘ಎಲ್ಲರಿಗೂ ಬಂತಾ’ ಎಂಬ ಮಾತನ್ನು ಅವನು ತನ್ನ ಬೆರಳಿನಿಂದಲೇ ಒಂದೊಂದು ಅಕ್ಷರ ಒತ್ತಿ, ಅಪ್ಪನ ಆರಾಧನೆಯ ದಿನ, ಕೊನೆಯ ಎಲೆಯನ್ನು ಎತ್ತಿಸಿದ್ದ. ಒತ್ತುವಾಗ ಮಧ್ಯದಲ್ಲಿ ಒಂದು ಕಡೆಯಾದರೂ ಬೆರಳು ನಿಲ್ಲಲಿಲ್ಲವೇ ಎಂದು ಅವಳಿಗೆ ಕೇಳಬೇಕೆನಿಸಿತು. ‘ನಂಬಿಸಿ ಕೈ ಕೊಟ್ಟೆ ಕಣೋ’ ಎಂದು ಮುಖಕ್ಕೆ ಹೇಳಬೇಕೆನಿಸಿತು. ದಾರಿಯುದ್ದಕ್ಕೂ ಅದೇ ಮಾತನ್ನು ಬಾಯಲ್ಲಿಟ್ಟುಕೊಂಡು ಬಂದಿದ್ದಳು. ಈಗ ಹೊರಗೆ ಬಂದದ್ದು ಬೇರೆಯೇ ಮಾತು.

“ನನ್ನ ಮಿಷನ್‌ಗಳು ಎಲ್ಲಿ?”

ಅವು ಒಳಗೆ ಕೋಣೆಯಲ್ಲಿ, ಅದೇ ಬೆಡ್‌ಶೀಟುಗಳಲ್ಲಿ, ಬಿಚ್ಚದ ಗಂಟುಗಳಾಗಿ ಕೂತಿದ್ದವು. ಅವಳ ಲ್ಯಾಪ್‌ಟಾಪನ್ನು ಬಿಟ್ಟು ಅವನು ಯಾವುದನ್ನೂ ಒಂದು ಸಲವೂ ಆನ್ ಮಾಡಿರಲಿಲ್ಲ. ಅಕ್ಷತಾ ಆಟೋ ಕರೆಸಿ ಎರಡು ಸಲ ಸಾಗಿಸಿದಳು. ಮಹೇಂದ್ರ ಎತ್ತಿಕೊಡಲು ಬಂದ. “ಬೇಡ,” ಎಂದಳು.

ಉಲಿಯನ್ನು ಬಳಸುತ್ತಿದ್ದ ಬೇರೆ ಊರುಗಳವರಿಗೆ ಅವಳು ಬರೆದಳು: ಆ ಸಹಿ ನಾನು ಹಾಕಿದ್ದಲ್ಲ. ಅವರಿಂದ ಸಭ್ಯವಾದ ಉತ್ತರ ಬಂತು: ಹಾಗಾದರೆ ನಿಮ್ಮ ಕೀಲಿ ಯಾರಾದರೂ ಕದ್ದರೇ? ಕದ್ದಿರಲಿಲ್ಲ. ಅವಳು ಕೊಟ್ಟಿದ್ದಳು. ಹಾಗೆಂದೇ ಬರೆದಳು. ಕೀಲಿ ಕೊಟ್ಟವಳ ಮಾತಿಗೆ ಇನ್ನು ಮೇಲೆ ಎಷ್ಟು ಬೆಲೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಉಲಿ ಎಂಬ ಹೆಸರು ಮಹೇಂದ್ರನ ಕಡೆಗೆ ಹೋಯಿತು. ಅವಳಿಗೆ ಉಳಿದದ್ದು ಹಳೆಯ ಕೋಡಿನ ಒಂದು ಪ್ರತಿ, ಮತ್ತು ಅಪ್ಪನ ರ‍್ಯಾಕು.

ಅವಳು ಪೆಟ್ಟಿಗೆಯ ಅವಳಿಯನ್ನು ಮತ್ತೆ ಕೊನೆಯ ಹಲಗೆಯ ಮೇಲೆ ಕೂರಿಸಿದಳು. ಕಿತ್ತ ಸಾಲುಗಳನ್ನು ಹಾಕಿ, ಹೆಸರು ಮುಗ್ಗರಿಸದಂತೆ ತಿದ್ದಿ, ಎಲ್ಲ ಯಂತ್ರಗಳ ಮೇಲೂ ಓಡಿಸಿದಳು. ಕೆಮ್ಮುವ ಪೆಟ್ಟಿಗೆ ಎಲ್ಲಕ್ಕಿಂತ ಕೊನೆಗೆ, ತನ್ನ ಹೊತ್ತು ತೆಗೆದುಕೊಂಡು, ‘ಲಾಸ್ಯ’ ಎಂದಿತು. ಕೆಳಗಿನಿಂದ ಶಾಂತಾದೇವಿ, “ಯಾರೇ ಅದು ಬಂದಿರೋರು?” ಎಂದು ಕೇಳಿದರು. ಮಗಳ ಇಪ್ಪತ್ತಾರರ ವಯಸ್ಸಿನ ದನಿಯನ್ನು ಅವರು ಮರೆತೇಬಿಟ್ಟಿದ್ದರು.

ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ಅಕ್ಷತಾ ನಜರ್‌ಬಾದಿಗೆ ಹೋದಳು. ಸೌಮ್ಯ ಬಾಗಿಲು ತೆರೆದು, ಬನ್ನಿ ಎನ್ನದೆ ಪಕ್ಕಕ್ಕೆ ಸರಿದಳು. ಹಜಾರದ ತೊಟ್ಟಿಲಲ್ಲಿ ಮಗು ಮಲಗಿತ್ತು. ಇಂದ್ರಮ್ಮ ಅದರ ಪಕ್ಕದಲ್ಲಿ ಕೂತು ಹಗ್ಗ ಜಗ್ಗುತ್ತಿದ್ದರು. ಮಡಿಲಲ್ಲಿ ಮತ್ತೆ ಸ್ಲೇಟು ಬಂದಿತ್ತು. ಪೆಟ್ಟಿಗೆ ಟಿವಿಯ ಹಿಂದೆ ಮೂಲೆಯಲ್ಲಿ, ಮುಖ ಗೋಡೆಗೆ ಮಾಡಿ ಕೂತಿತ್ತು.

“ಮೇಡಂ, ಅದು ನಾನು ಮಾಡಿದ್ದಲ್ಲ. ಮಹೇಂದ್ರ ಮಾಡಿದ್ದು. ನಂಗೆ ಗೊತ್ತೇ ಇರ್ಲಿಲ್ಲ,” ಎಂದಳು ಅಕ್ಷತಾ.

ಇಂದ್ರಮ್ಮ ಹಗ್ಗ ಬಿಟ್ಟು ಸ್ಲೇಟು ಎತ್ತಿಕೊಂಡರು. ಬಳಪ ಕಿರ್ ಎಂದಿತು. ದುಂಡಗಿನ ಮೇಷ್ಟ್ರ ಅಕ್ಷರ. ‘ನಿನ್ನ ಹೆಸರು ಇತ್ತಲ್ಲ?’

“ನನ್ನ ಕೀಲಿ ಅವನ ಹತ್ರ ಇತ್ತು.”

‘ಕೊಟ್ಟಿದ್ದು ಯಾರು?’

“ನಾನೇ ಮೇಡಂ.”

ಇಂದ್ರಮ್ಮ ಸ್ಲೇಟನ್ನು ಸೆರಗಿನ ತುದಿಯಲ್ಲಿ ಒರೆಸಿ ಪಕ್ಕಕ್ಕಿಟ್ಟರು. ಮುಂದೆ ಕೇಳಲಿಲ್ಲ. ಕೇಳಿದ್ದರೆ, ನಿಮ್ಮ ಮೊಮ್ಮಗಳ ಹೆಸರಿಗೋಸ್ಕರವೇ ಕೊಟ್ಟೆ ಎಂದು ಹೇಳುತ್ತಿದ್ದಳೋ ಏನೋ. ಕೇಳದೆ ಹೇಳುವುದು ಅವಳಿಂದಾಗಲಿಲ್ಲ. ಅದು ಹಂಗಿಸಿದ ಹಾಗಾಗುತ್ತಿತ್ತು.

ಅವಳು ಪೆಟ್ಟಿಗೆಯನ್ನು ಮೂಲೆಯಿಂದ ತಂದು ಧೂಳು ಒರೆಸಿ, ಲ್ಯಾಪ್‌ಟಾಪಿಗೆ ತಂತಿ ಜೋಡಿಸಿದಳು. ಇನ್ನು ಮೇಲೆ ಭಾನುವಾರ ತಾನಾಗಿ ಯಾವುದನ್ನೂ ಒಳಗೆ ಬಿಟ್ಟುಕೊಳ್ಳದಂತೆ ಮಾಡಿದಳು. ಯಾರ ಸಹಿಯನ್ನೂ ನಂಬಬೇಡ ಎಂದು ಅದಕ್ಕೆ ಹೇಳಿಕೊಟ್ಟಳು. ಹಳೆಯ ಕೋಡು ಒಳಗೆ ಹೋಯಿತು. ಹಸಿರು ದೀಪ ಹತ್ತಿತು. ಪೆಟ್ಟಿಗೆಯನ್ನು ಇಂದ್ರಮ್ಮನವರ ಮಡಿಲಿಗಿಟ್ಟು, “ಏನಾದ್ರೂ ಒಂದು ಒತ್ತಿ ನೋಡಿ ಮೇಡಂ,” ಎಂದಳು. ಅವರು ಮಗುವಿನ ಹೆಸರನ್ನೇ ಒತ್ತುತ್ತಾರೆ ಎಂದುಕೊಂಡಿದ್ದಳು. ಸೌಮ್ಯಳೂ ಹಾಗೇ ಎಂದುಕೊಂಡು ತೊಟ್ಟಿಲ ಹತ್ತಿರ ಬಂದು ನಿಂತಳು.

ಇಂದ್ರಮ್ಮ ಅಕ್ಷತಾಳ ಕಡೆ ನೋಡಿದರು. ಆಮೇಲೆ ನಿಧಾನವಾಗಿ, ಒಂದೊಂದೇ ಗುಂಡಿ ಹುಡುಕಿ ಒತ್ತಿದರು.

“ನಂಬಿಸಿ ಕೈ ಕೊಟ್ಬುಟ್ಟೆ ಕಣಮ್ಮ,” ಎಂದಿತು ಪೆಟ್ಟಿಗೆ.

ಅಗ್ರಹಾರದ ಮನೆಯಲ್ಲಿ ಕಂಬಳಿಯೊಳಗೆ ಕೂತಿದ್ದ, ಯಾರ ಮೇಲೂ ದೂರಿಲ್ಲದಿದ್ದ ಹುಡುಗಿಯ ದನಿ. ಸಿಟ್ಟಿಲ್ಲ, ಅಳುವಿಲ್ಲ. ಒಂದು ಅಕ್ಷರವೂ ಮುಗ್ಗರಿಸಲಿಲ್ಲ. ಕುವೆಂಪುನಗರದ ಪೋರ್ಟಿಕೋದಲ್ಲಿ ತನ್ನ ಗಂಟಲಿಂದ ಹೊರಡದೇ ಹೋದ ಮಾತು ತನ್ನ ದನಿಯಲ್ಲೇ, ತನ್ನ ಕಡೆಗೇ ಬಂದಾಗ ಅಕ್ಷತಾ ತಂತಿ ಸುತ್ತುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

ಆದರೆ ಆ ಪೆಟ್ಟಿಗೆಯ ಜಾಯಮಾನ ಅವಳಿಗೆ ಗೊತ್ತಿತ್ತು. ಒಂದು ಸಲ ಸರಿಯಾಗಿ ಹೇಳಿತೆಂದು ಎದ್ದು ಹೋಗುವ ಹಾಗಿರಲಿಲ್ಲ.

“ಇನ್ನೊಂದ್ ಸಲ ಒತ್ತಿ ಮೇಡಂ,” ಎಂದಳು.

ಇಂದ್ರಮ್ಮ ಒತ್ತಿದರು. ಎರಡನೇ ಸಲವೂ ಅದು ಎಡವಲಿಲ್ಲ.